ಸೈಡ್‌ವಿಂಗಿನ ಸ್ಟೂಲು

ನವೆಂಬರ್ 9, ಭಾನುವಾರ

ತೆರೆ ಮೇಲೇಳಲಿ! ಮಗಳು ಯಶಸ್ವಿನಿ ಹೊಸ ವರ್ಷಕ್ಕೆಂದು ಕೊಟ್ಟ ಈ ಡೈರಿ ಇಷ್ಟು ದಿನ ಬೀರುವಿನಲ್ಲಿ ಗೊರಕೆ ಹೊಡೆಯುತ್ತಿತ್ತು. ವರ್ಷ ಮುಗಿಯುವ ಹೊತ್ತಿಗೆ ಇದರ ರಂಗಪ್ರವೇಶವಾಗುತ್ತಿದೆ. ತಡವಾಗಿ ಬಂದ ಪಾತ್ರಕ್ಕೇ ಚಪ್ಪಾಳೆ ಜಾಸ್ತಿ, ಚಿಂತೆಯಿಲ್ಲ.

ನಾನು ಗುಡುಗು ಅಡವಯ್ಯ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ನನ್ನ ಗಂಟಲಿಗೆ ಮೈಕು ಕಟ್ಟಿದವನಿಲ್ಲ. ಡೈರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಆದರೂ ಪಾತ್ರ ಪರಿಚಯವಿಲ್ಲದೆ ನಾಟಕ ಶುರು ಮಾಡುವುದು ನನಗೆ ಗೊತ್ತಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೊರಟಗೆರೆಯಲ್ಲಿ ‘ರಣಭೈರವ’ ಆಡುವುದೆಂದು ಗೊತ್ತಾಗಿದೆ. ನನ್ನ ಮಾವ, ಹಾರ್ಮೋನಿಯಂ ಮೇಷ್ಟ್ರು ಚನ್ನಮಲ್ಲಯ್ಯನವರು ಬರೆದ ನಾಟಕ. ಕೋಟೆ ಬಿಟ್ಟು ಕೊನೆಯ ಯುದ್ಧಕ್ಕೆ ಹೊರಡುವ ಪಾಳೇಗಾರ ರಣಭೈರವ ನಾನು. ಮೀಸೆ ಕಪ್ಪಗಿದ್ದಾಗಿನಿಂದಲೂ ನಾನೇ. ಅಷ್ಟೂ ಕಾಲ ಸೈಡ್‌ವಿಂಗಿನ ಮರೆಯಲ್ಲಿ ಸ್ಟೂಲಿನ ಮೇಲೆ ಕುಳಿತು ನನಗೆ ಮಾತು ಕೊಟ್ಟವಳು ನನ್ನ ಹೆಂಡತಿ ಕಮಲಾಕ್ಷಮ್ಮ.

ನಾನು ಮಾತು ಬಾಯಿಪಾಠ ಮಾಡಿದವನಲ್ಲ. ಅದು ಗುಮಾಸ್ತರ ಕೆಲಸ. ಮಾತು ಮುಗಿದರೆ ಬಲಗಾಲ ಹಿಮ್ಮಡಿಯನ್ನು ಹಲಗೆಗೆ ಒಂದು ಸಲ ಒತ್ತುತ್ತೇನೆ, ಗೆಜ್ಜೆ ಜಣ್ ಎನ್ನುತ್ತದೆ. ಮರುಕ್ಷಣ ವಿಂಗಿನಿಂದ ಒಂದು ಅಕ್ಷರ ಬರುತ್ತದೆ. ಇಡೀ ಸಾಲಲ್ಲ, ಒಂದೇ ಒಂದು ಅಕ್ಷರ. ‘ದೀ’ ಎಂದರೆ ದೀಪ. ದೀಪ ಸಿಕ್ಕಿದರೆ ಇಡೀ ಪುಟ ನನ್ನದು. ಕಮಲ ಪುಸ್ತಕ ಹಿಡಿಯುವವಳಲ್ಲ. ಅಪ್ಪನ ಹಾರ್ಮೋನಿಯಂ ತಿದಿಯ ಗಾಳಿ ಕುಡಿದು ಬೆಳೆದವಳು, ಎಲ್ಲವೂ ತಲೆಯಲ್ಲೇ ಇದೆ.

ಇವತ್ತು ಹಳೇ ಗಿರಣಿಯಲ್ಲಿ ತಾಲೀಮು. ಕೊನೆಯ ದೃಶ್ಯ. ಹಿಮ್ಮಡಿ ಒತ್ತಿದೆ. ವಿಂಗು ಮೌನ. ಮತ್ತೆ ಒತ್ತಿದೆ. ಮೌನ. ರಾಜನಾದವನು ಬಾಯಿ ಮುಚ್ಚಿಕೊಂಡು ನಿಲ್ಲುವುದುಂಟೆ? ಅಟ್ಟಹಾಸ ಹೊಡೆದೆ, ಗಿರಣಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಮಾತು ಮಾತ್ರ ಬರಲಿಲ್ಲ. ದೃಶ್ಯ ಕೈಬಿಟ್ಟು ಹೊರಗೆ ನಿಂತು ಟೀ ಕುಡಿಯುತ್ತಿದ್ದೆ. ಬೆನ್ನ ಹಿಂದೆ ಬಂದು ಕಮಲ ಮೆಲ್ಲಗೆ ಅಂದಳು:

“ದೀಪ.”

“ಯಾವ ದೀಪ?”

“ನೀವು ಕೇಳಿದ್ರಲ್ಲ, ಅದೇ ಕಣ್ರೀ. ಈಗ ಬಂತು.”

“ಈಗ ಬಂದ್ರೆ ಟೀಗೆ ಅದ್ದಿ ತಿನ್ನನಾ?” ಎಂದೆ. ಎಲ್ಲರೂ ನಕ್ಕರು. ಕಮಲ ನಗಲಿಲ್ಲ.

ನವೆಂಬರ್ 13, ಗುರುವಾರ

ಹಿತಕಿದ ಅವರೆಕಾಳಿನ ಸಾರು. ಬಡಿಸಲು ಕುಳಿತ ಕಮಲ ಗಾಳಿಯಲ್ಲಿ ಕೈಯಾಡಿಸಿ, “ಅದು… ಅದು ಕೊಡ್ರೀ” ಅಂದಳು. ಉಪ್ಪು ಕೊಟ್ಟೆ, ನೀರು ಕೊಟ್ಟೆ, ತುಪ್ಪ ಕೊಟ್ಟೆ. “ಯಾವ್ದು? ಯಾವ್ದೇ? ಹೇಳೇ!” ಎಂದು ಮೂರನೆಯ ಅಂಕದ ಸ್ವರದಲ್ಲಿ ಕೇಳಿದೆ. ಕೊನೆಗೆ ಲೋಟದಲ್ಲಿ ಮೊಗೆದು ಬಡಿಸಿದಳು. ಉಂಡು, ಕೈತೊಳೆದು, ನಾನು ಜಗುಲಿಯಲ್ಲಿ ಅಡಿಕೆ ಬಾಯಿಗೆ ಹಾಕಿಕೊಂಡಾಗ ಒಳಗಿನಿಂದ ಕೂಗು ಕೇಳಿಸಿತು: “ಸೌಟು!”

ಆ ಕೂಗಿನಲ್ಲಿ ಎಂಥ ಸಂತೋಷವಿತ್ತು. ನಾನು ಮಾತ್ರ ಅಡಿಕೆ ಅಗಿಯುವುದನ್ನೇ ಮರೆತೆ.

ನವೆಂಬರ್ 21, ಶುಕ್ರವಾರ

ಮಗಳು ಬಿಡಲಿಲ್ಲ. ತುಮಕೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ, ನರರೋಗದ ಡಾಕ್ಟರ ಮುಂದೆ ಕೂರಿಸಿದಳು. ಡಾಕ್ಟರಮ್ಮ ರಕ್ಷಾ ಎಂಬುವರು, ಕೊರಟಗೆರೆ ಕಡೆಯವರೇ. ಚಿಕ್ಕಂದಿನಲ್ಲಿ ಅವರಜ್ಜನ ಹೆಗಲ ಮೇಲೆ ಕುಳಿತು ನನ್ನ ರಣಭೈರವ ನೋಡಿ ಹೆದರಿ ಅತ್ತಿದ್ದರಂತೆ! ಈ ವೈದ್ಯೆಯ ಜ್ಞಾನದ ಬಗ್ಗೆ ನನಗೆ ಆಗಲೇ ನಂಬಿಕೆ ಬಂತು.

ಕಂಪ್ಯೂಟರಿನಲ್ಲಿ ಕಮಲಳ ಮೆದುಳು ತೋರಿಸಿದರು. ಬೂದಿ ಬಣ್ಣದಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ.

“ನೋಡಿ ಅಜ್ಜ, ಮೆದುಳಲ್ಲಿ ಕೆಲಸ ಮಾಡೋ ಜಾಗ ಗಳಿಗೆ ಗಳಿಗೆಗೂ ಬದಲಾಗ್ತದೆ. ಮಾತು ಹುಡುಕೋವಾಗ ಒಂದು ಮೂಲೆ, ಹಾಡು ಕೇಳೋವಾಗ ಇನ್ನೊಂದು. ಯಾವ ಮೂಲೆ ಕೆಲಸಕ್ಕೆ ನಿಲ್ತದೋ ಅಲ್ಲಿಗೆ ಆಗಿಂದಾಗ್ಲೇ ರಕ್ತ ಜಾಸ್ತಿ ಹೋಗ್ಬೇಕು. ಯಾಕಂದ್ರೆ ನರಕೋಶ ತನ್ನ ಹತ್ರ ಏನೂ ಕೂಡಿಟ್ಕೊಳ್ಳಲ್ಲ. ಬೇಕಾದಾಗ ಬೇಕಾದ್ದು ಬರ್ಬೇಕು, ಅಷ್ಟೇ.”

ಕೂಡಿಡದ ನರಕೋಶ ನನಗೆ ಬಹಳ ಹಿಡಿಸಿತು. ರಾಜಠೀವಿ.

“ಬೇಕು ಅಂತ ರಕ್ತನಾಳಕ್ಕೆ ಗೊತ್ತಾಗೋದು ಹೆಂಗಮ್ಮ?”

“ಸ್ವಲ್ಪ ನರಕೋಶವೇ ಹೇಳ್ತದೆ. ಅದರ ಪಕ್ಕದಲ್ಲಿ ನಕ್ಷತ್ರದ ಆಕಾರದ ಕೋಶಗಳಿದಾವೆ, ಅವೂ ಹೇಳ್ತಾವೆ. ಅವುಗಳ ಒಂದು ತೋಳು ನರಕೋಶದ ಕಡೆ, ಇನ್ನೊಂದರ ಪಾದ ರಕ್ತನಾಳದ ಮೇಲೆ. ಈ ಕಡೆ ಮಾತು ಕೇಳಿಸ್ಕೊಂಡು ಆ ಕಡೆಗೆ ‘ಅಗಲ ಆಗು’ ಅಂತ ಸುದ್ದಿ ಕೊಡ್ತಾವೆ. ನಾಳ ಅಗಲ ಆಗ್ತದೆ, ರಕ್ತ ಬರ್ತದೆ. ಎಲ್ಲಾ ಒಂದೆರಡು ಕ್ಷಣದ ಕೆಲಸ. ಇದರಲ್ಲಿ ಯಾರ ಪಾಲು ಎಷ್ಟು ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡ್ತಾ ಇದಾರೆ, ಬುಡಿ.”

“ನಮ್ಮ ನಾಟಕದಲ್ಲೂ ಅದೇ ಜಗಳ!” ಎಂದೆ.

“ಜಗಳ ಏನಿಲ್ಲ ಡಾಕ್ಟ್ರಮ್ಮ,” ಎಂದಳು ಕಮಲ. “ಚಪ್ಪಾಳೆ ಎಲ್ಲಾ ಇವ್ರದ್ದೇ.”

ಡಾಕ್ಟರಮ್ಮ ನಕ್ಕು, ಆಮೇಲೆ ನಗು ನಿಲ್ಲಿಸಿ ಹೇಳಿದರು. ಬಹಳ ವರ್ಷದ ಬಿಪಿ, ಶುಗರಿನಿಂದ ಕಮಲಳ ಮೆದುಳಿನ ಸಣ್ಣ ಸಣ್ಣ ನಾಳಗಳು ಬಿರುಸಾಗಿವೆ. ಕರೆ ಹೋಗುತ್ತದೆ, ಆದರೆ ನಾಳ ತಡವಾಗಿ, ಅರೆಮನಸ್ಸಿನಿಂದ ತೆರೆಯುತ್ತದೆ. ಮಾತು ಸತ್ತಿಲ್ಲ, ಬರುವ ದಾರಿ ನಿಧಾನವಾಗಿದೆ. ಮಾತ್ರೆ ತಪ್ಪಿಸಬಾರದು, ದಿನಾ ನಡೆಯಬೇಕು. ಹಿಂದಿನಂತೆ ಆಗುತ್ತದೆಂದು ಭಾಷೆ ಕೊಡುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳೋಣ.

ಬಸ್ಸಿನಲ್ಲಿ ಕಮಲ ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. ಮಧುಗಿರಿ ಬೆಟ್ಟ ಕಂಡ ಮೇಲೆ ಕೇಳಿದಳು: “ನನ್ ಸ್ಟೂಲು ಬೇರೆಯೋರಿಗೆ ಕೊಡ್ತೀರಾ?”

“ಯಾವನಿಗಿದೆ ಎದೆ!” ಎಂದು ಗುಡುಗಿದೆ. ಮುಂದಿನ ಸೀಟಿನ ಮಗು ಎಚ್ಚರಗೊಂಡು ಅತ್ತಿತು.

ನವೆಂಬರ್ 23, ಭಾನುವಾರ

ನಾಳಕ್ಕೆ ಕರೆ ಸರಿಯಾಗಿ ಕೇಳುತ್ತಿಲ್ಲವಾದರೆ ಮದ್ದೇನು? ಕರೆ ಜೋರಾಗಬೇಕು. ಇಷ್ಟು ಸರಳ! ಕೊನೆಯ ಸಾಲಿನಲ್ಲಿ ಕೂತ ಕಿವುಡನಿಗೂ ತಲುಪಿಸಿದ ಗಂಟಲಿದು, ತಲೆಯೊಳಗಿನ ದಾರದಂಥ ನಾಳಕ್ಕೆ ತಲುಪುವುದಿಲ್ಲವೆ?

ತಾಲೀಮಿನಲ್ಲಿ ಹಿಮ್ಮಡಿ ಒತ್ತಲಿಲ್ಲ, ಬಡಿದೆ. ಮಾತು ಬರಲಿಲ್ಲ. ಇನ್ನೂ ಜೋರಾಗಿ ಬಡಿದೆ. ಅಟ್ಟಹಾಸ. ಮತ್ತೆ ಬಡಿದೆ. ಹಲಗೆ ಸೀಳಿತು. ವಿಂಗಿನ ಬಳಿ ಹೋಗಿ, “ಕೊಡೇ! ಕೊಡೇ ಮಾತ!” ಎಂದು ಕೂಗಿದೆ. ಕಮಲ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ತುಟಿ ಬೆಳ್ಳಗಾಗಿತ್ತು. ಒಂದು ಅಕ್ಷರವೂ ಬರಲಿಲ್ಲ, ಟೀ ಕುಡಿದ ಮೇಲೂ ಬರಲಿಲ್ಲ.

ನಮ್ಮ ಸಂಘದ ಕಾರ್ಯದರ್ಶಿ ನಾಗಭೂಷಣ, ಸಿಮೆಂಟ್ ಅಂಗಡಿಯವನು, ನನ್ನನ್ನು ಪಕ್ಕಕ್ಕೆ ಕರೆದ.

“ಅಣ್ಣ, ಬೇಜಾರ್ ಮಾಡ್ಕಬೇಡಿ. ಕಿವಿಗೆ ಒಂದು ಬ್ಲೂಟೂತು ಹಾಕ್ಕಂಬುಡಿ. ಕಿರೀಟದೊಳ್ಗೆ ಕಾಣಕಿಲ್ಲ. ನಮ್ ಅಂಗಡಿ ಹುಡ್ಗ ನವೀನ್ ಕುಮಾರ ಪುಸ್ತಕ ನೋಡ್ಕಂಡು ಫೋನಲ್ಲಿ ಹೇಳ್ತಾನೆ. ಅತ್ತಿಗೆ ಮನೇಲಿ ಆರಾಮಾಗಿ ಇರ್ಲಿ.”

“ಲೇ, ಪಾಳೇಗಾರನ ಕಿವೀಲಿ ಬ್ಲೂಟೂತಾ?”

“ಬಾಯಲ್ಲಿ ಮಾತಿಲ್ದೆ ನಿಂತ್ಕಳದಕ್ಕಿಂತ ವಾಸಿ ಅಲ್ವಾ ಅಣ್ಣ?”

ಹಿಮ್ಮಡಿ ತನ್ನಷ್ಟಕ್ಕೆ ನೆಲ ಒತ್ತಿತು.

ಡಿಸೆಂಬರ್ 4, ಗುರುವಾರ

ಕಮಲ ಮಾತಾಡುತ್ತಿಲ್ಲ. ಮಾತು ಸಿಗದೆಯೋ, ನನ್ನ ಮೇಲಿನ ಸಿಟ್ಟಿಗೋ ತಿಳಿಯುತ್ತಿಲ್ಲ. ಕೇಳಲು ಭಯ.

ಹೊರಗೆ ನೆಲಗಡಲೆ ಹುರಿಯುವ ವಾಸನೆ. ವೈ.ಎನ್.ಹೊಸಕೋಟೆ ನೆನಪಾಯಿತು. ಕಡಲೆಕಾಯಿ ಕಿತ್ತ ಸುಗ್ಗಿ, ಹೊಟ್ಟಿನ ರಾಶಿಯ ಮೇಲೆ ಹಲಗೆ ಹಾಸಿ ರಂಗ ಕಟ್ಟಿದ್ದರು. ನಾನು ಹಿಮ್ಮಡಿ ಒತ್ತಿದರೆ ಹಲಗೆ ಮೆತ್ತಗೆ ಕುಸಿಯುತ್ತಿತ್ತು, ಗೆಜ್ಜೆ ಸದ್ದೇ ಮಾಡಲಿಲ್ಲ. ಆದರೂ ಮಾತು ಬಂತು. ಒಂದು ಸಲವೂ ತಪ್ಪಲಿಲ್ಲ. ಆಮೇಲೆ ಕೇಳಿದೆ, “ಹೆಂಗೆ ಗೊತ್ತಾಯ್ತೇ?” ಎಂದು. “ನಿಮ್ ಬೆನ್ನು ನೋಡ್ತಿದ್ದೆ. ಮಾತು ಖಾಲಿಯಾದ್ರೆ ಭುಜ ಒಂಚೂರು ಮೇಲಕ್ಕೋಯ್ತದೆ” ಎಂದಳು.

ವಳ್ಳೂರಿನಲ್ಲಿ ಆಡಿದ ಬಯಲಿನಲ್ಲಿ ಈಗ ಸೋಲಾರ್ ಹಲಗೆಗಳು ಕಣ್ಣಿಗೆ ಕಾಣುವಷ್ಟು ದೂರವೂ ಬಿಸಿಲಿಗೆ ಮುಖ ಒಡ್ಡಿ ಮಲಗಿವೆ. ಅಲ್ಲಿ ಒಬ್ಬ ಮುದುಕ ನನ್ನ ಕೈ ಹಿಡಿದು “ಏಮಿ ಗೊಂತು ಸ್ವಾಮೀ, ಎಂಥ ಗಂಟಲು!” ಎಂದು ಕಣ್ಣೀರಿಟ್ಟಿದ್ದ. ಕಮಲ ವಿಂಗಿನ ಹಿಂದೆ ನನ್ನ ಕಿರೀಟದ ಕಾಗೆಬಂಗಾರ ಅಂಟಿಸುತ್ತಿದ್ದಳು. ಆ ಮುದುಕನಿಗೆ ಅವಳನ್ನು ತೋರಿಸಿದ್ದೆನೆ? ನೆನಪಾಗುತ್ತಿಲ್ಲ. ತೋರಿಸಿರಲಾರೆ.

ಇಷ್ಟು ವರ್ಷ ಬೆನ್ನು ಅವಳ ಕಡೆ, ಮುಖ ಜನದ ಕಡೆ.

ಡಿಸೆಂಬರ್ 15, ಸೋಮವಾರ

ಮತ್ತೆ ತುಮಕೂರು. ನನ್ನ ಜೋರು ಕರೆಯ ಸಿದ್ಧಾಂತವನ್ನು ಡಾಕ್ಟರಮ್ಮನ ಮುಂದೆ ಅಭಿನಯಸಹಿತ ಮಂಡಿಸಿದೆ. ಹೊರಗಿದ್ದ ನರ್ಸು ಬಾಗಿಲು ತೆಗೆದು ಇಣುಕಿದಳು.

“ಅಜ್ಜ, ನೀವು ಕೂಗಿದ್ರೆ ಅಜ್ಜಿಯ ಮೆದುಳಿಗೆ ಏನು ಕೆಲಸ ಕೊಟ್ಟಂಗಾಯ್ತು?”

“ಮಾತು ಹುಡುಕೋ ಕೆಲಸ.”

“ಇಲ್ಲ. ನಿಮ್ ಕೂಗು ಕೇಳೋ ಕೆಲಸ, ಹೆದರೋ ಕೆಲಸ, ಯಾರಾದ್ರೂ ನಗ್ತಾರೇನೋ ಅಂತ ನೋಡೋ ಕೆಲಸ. ಇಷ್ಟೂ ಕೆಲಸಕ್ಕೆ ಮನಸ್ಸು ಹೋದ್ಮೇಲೆ ಮಾತು ಹುಡುಕೋರ್ಯಾರು? ಕರೆ ಒಂದು ಸಲ ಸಾಕು. ಆಮೇಲೆ ಸುಮ್ನಿರಿ.”

“ಎಷ್ಟು ಹೊತ್ತು?”

“ಬರೋವರೆಗೂ.”

“ಬರ್ದೇ ಇದ್ರೆ?”

ಡಾಕ್ಟರಮ್ಮ ಕಮಲಳ ಕಡೆ ನೋಡಿದರು. ಕಮಲ ಯೋಚಿಸಿದಳು. ನಾನು ಬಾಯಿ ತೆರೆದೆ, ಡಾಕ್ಟರಮ್ಮ ಬೆರಳೆತ್ತಿ ತಡೆದರು. ಫ್ಯಾನು ತಿರುಗುತ್ತಿತ್ತು. ಆಮೇಲೆ ಕಮಲ ಹೇಳಿದಳು:

“ಬರ್ದೇ ಇದ್ರೆ ಇಬ್ರೂ ಸುಮ್ನಿರನ. ಇವ್ರು ಸುಮ್ನಿರೋದ ನಾನು ಒಂದಿನವಾದ್ರೂ ನೋಡ್ಬೇಕು.”

ಡಿಸೆಂಬರ್ 16, ಮಂಗಳವಾರ

ಸುಮ್ಮನಿರುವುದು ಬಹಳ ಕಷ್ಟದ ಪಾತ್ರ.

ಡಿಸೆಂಬರ್ 28, ಭಾನುವಾರ

ದಿನಾ ಬೆಳಗ್ಗೆ ಇಬ್ಬರೂ ಬೆಟ್ಟದ ಬುಡದ ರಸ್ತೆಯಲ್ಲಿ ನಡೆಯುತ್ತೇವೆ. ಕೋಟೆಯ ಗೋಡೆ ಬಂಡೆಯ ಮೇಲೆ ಹತ್ತಿಕೊಂಡು ಹೋಗುವುದನ್ನು ನೋಡುತ್ತ ನಿಲ್ಲುತ್ತೇವೆ. ಅವಳಿಗೊಂದು ಮಾತು ಸಿಕ್ಕದಿದ್ದರೆ ನಾನು ಹಿಮ್ಮಡಿಯನ್ನು ನೆಲಕ್ಕೆ ಒಂದು ಸಲ ಒತ್ತುತ್ತೇನೆ, ಆಮೇಲೆ ಬೆಟ್ಟ ನೋಡುತ್ತೇನೆ. ಈ ಮಧ್ಯೆ ಎಷ್ಟೋ ಸಂಗತಿ ಕಾಣುತ್ತವೆ. ಗೋಡೆಯ ಸಂದಿಯಲ್ಲಿ ಅತ್ತಿಗಿಡ ಬೆಳೆದಿದೆ. ಈ ಊರಿನಲ್ಲೇ ಹುಟ್ಟಿದ ನನಗೆ ಅದು ಗೊತ್ತಿರಲಿಲ್ಲ.

ಇವತ್ತು ಅವಳು ಸಿರಾದ ಮಾತೆತ್ತಿದಳು. “ನಮ್ಗೆ ಕೋಟೆ ಪರದೆ ಬರ್ಕೊಟ್ರಲ್ಲ, ಸೀನರಿ ಸಾಬ್ರು… ಅವ್ರು…” ಎಂದು ನಿಂತಳು. ಹೆಸರು ನನ್ನ ನಾಲಗೆಯ ತುದಿಯಲ್ಲೇ ಇತ್ತು, ನುಂಗಿಕೊಂಡೆ. ಹಾಲಿನವನ ಬೈಕು ಹೋಯಿತು. ಎರಡು ನಾಯಿ ಜಗಳವಾಡಿ ರಾಜಿಯಾದವು.

“ಮೆಹಬೂಬ್ ಸಾಬ್ರು!” ಎಂದಳು. “ಬಣ್ಣ ಒಣಗೋ ಮೊದ್ಲು ಮುಟ್ಬುಟ್ಟು ಬೈಸ್ಕಂಡಿದ್ರಿ ನೀವು. ‘ಅಡವಯ್ಯಾ, ಜರಾ ಸಬರ್ ಕರೋ’ ಅಂದಿದ್ರು.”

ಆ ಸಾಬರು ಹಾಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ಸ್ವಲ್ಪ ತಾಳು ಎಂದಿದ್ದರಂತೆ. ಯಾಕೆ ಅಂದರೋ, ನಾನು ಮೊದಲಿನಿಂದಲೂ ತಾಳ್ಮೆಯ ಮನುಷ್ಯ.

ಮನೆಗೆ ಬಂದರೆ ಎದುರು ಮನೆಯ ಪಟಾಲಮ್ಮ ಗೇಟಿನಲ್ಲಿ ನಿಂತು ಕೇಳಿದಳು: “ಅಡವಯ್ಯನೋರೆ, ಗಂಟ್ಲು ಕೆಟ್ಟೈತಾ? ವಾರದಿಂದ ನಿಮ್ ದನಿನೇ ಇಲ್ಲ ಬೀದೀಲಿ. ಬಿಸಿನೀರಿಗೆ ಉಪ್ಪಾಕ್ಕಂಡು ಬಾಯ್ ಮುಕ್ಕಳಿಸಿ.”

ಗಂಟಲಿಗೇನೂ ಆಗಿಲ್ಲ. ಈ ಹೆಂಗಸಿಗೆ ಕಿವಿ ಮಂದವಾಗಿರಬೇಕು.

ಜನವರಿ 10, ಶನಿವಾರ

ಡೈರಿಯ ವರ್ಷ ಮುಗಿಯಿತು. ಮುಂದಿನ ಹಾಳೆಗಳಿಲ್ಲ, ಹಿಂದೆ ಖಾಲಿ ಬಿಟ್ಟ ಫೆಬ್ರವರಿಯಲ್ಲಿ ಬರೆಯುತ್ತಿದ್ದೇನೆ.

ನಾಗಭೂಷಣ ಮನೆಗೇ ಬಂದ, ಬ್ಲೂಟೂತಿನ ಡಬ್ಬಿ ಹಿಡಿದುಕೊಂಡು. ಕಮಲಳ ಎದುರಿಗೇ ಮೇಜಿನ ಮೇಲಿಟ್ಟ. ಅವನೂ ಕೆಟ್ಟವನಲ್ಲ. ಕೊರಟಗೆರೆಯವರು ಕೈತಟ್ಟಿ ನಕ್ಕರೆ ಸಂಘಕ್ಕೆ ಮತ್ತೆ ಯಾರೂ ವೀಳ್ಯ ಕೊಡುವುದಿಲ್ಲ ಎಂಬುದು ಅವನ ಚಿಂತೆ.

ಕಮಲ ಆ ಡಬ್ಬಿ ನೋಡಿದಳು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತನ್ನು ಬಾವಿಯಿಂದ ಸೇದಿದಂತೆ, ಹೇಳಿದಳು:

“ಆ ಸ್ಟೂಲ್ ಮೇಲೆ ಕುಂತಾಗ ನಾನು ಚನ್ನಮಲ್ಲಯ್ಯನ ಮಗಳು. ಕೆಳಗಿಳಿದ್ರೆ… ಸೌಟು ಮರ್ತೋದ ಮುದುಕಿ. ಯಾವ್ದಾಗ್ಬೇಕು ನೀವೇ ಹೇಳಿ ನಾಗಭೂಷಣ.”

ನಾಗಭೂಷಣ ನನ್ನ ಕಡೆ ನೋಡಿದ. ರಣಭೈರವನ ಯಾವ ಮಾತೂ ಈ ಸನ್ನಿವೇಶಕ್ಕೆ ಬರೆದಿಲ್ಲ. ಡಬ್ಬಿ ಎತ್ತಿ ಅವನ ಕೈಗೆ ಕೊಟ್ಟೆ.

“ಸ್ಟೂಲು ಅಲ್ಲೇ ಇರ್ಲಿ.”

“ಮಾತು ನಿಂತೋದ್ರೆ ಅಣ್ಣ?”

“ನಿಲ್ಲನ.”

ಕೊನೆಗೆ ರಾಜಿಯಾದೆವು. ಎದುರು ವಿಂಗಿನಲ್ಲಿ ನವೀನ್ ಕುಮಾರ ಪುಸ್ತಕ ಹಿಡಿದು ನಿಲ್ಲುತ್ತಾನೆ. ನಾನು ಕಣ್ಸನ್ನೆ ಮಾಡಿದರೆ ಮಾತ್ರ ಬಾಯಿ ಬಿಡಬೇಕು.

ಜನವರಿ 18, ಭಾನುವಾರ

ನಿನ್ನೆಯ ನಾಟಕ! ಹಿಂದೆ ಬೆಳ್ಳಿ ಮೂಡುವ ತನಕ ಆಡುತ್ತಿದ್ದೆವು, ಈಗ ಸಂಜೆ ಶುರುವಾಗಿ ಊಟದ ಹೊತ್ತಿಗೆ ಮುಗಿಯಬೇಕು. ಆದರೇನು, ಕೊರಟಗೆರೆಯ ಬಯಲು ತುಂಬಿತ್ತು. ಮೂರನೇ ಸಾಲಿನಲ್ಲಿ ಡಾಕ್ಟರಮ್ಮ ರಕ್ಷಾ ಅವರಜ್ಜನ ಜೊತೆ ಕುಳಿತಿದ್ದರು.

ಮೊದಲ ಅಂಕಗಳು ದಡ ಸೇರಿದವು. ಕಮಲ ತಡವಾಗಿ ಕೊಟ್ಟಳು, ನಾನು ಅಟ್ಟಹಾಸ ಬಿಟ್ಟು ಕತ್ತಿಯ ಮೊನೆ ನೋಡುತ್ತ ನಿಂತೆ. ಜನ ಉಸಿರು ಬಿಗಿಹಿಡಿದರು. ನಿಲ್ಲುವುದರಲ್ಲೂ ಒಂದು ಗತ್ತಿದೆ, ಅದು ನನ್ನದೇ ಶೋಧನೆ ಎಂದು ಬರೆದಿಡುತ್ತೇನೆ.

ಕೊನೆಯ ದೃಶ್ಯ. ಹಿಂದೆ ಮೆಹಬೂಬ್ ಸಾಬರ ಕೋಟೆ ಪರದೆ, ಎದುರಿಗೆ ಒಂದು ಹಣತೆ. ರಣಭೈರವ ತನ್ನ ಕೋಟೆಗೆ ವಿದಾಯ ಹೇಳಬೇಕು. ಹಿಮ್ಮಡಿ ಒತ್ತಿದೆ. ಒಂದೇ ಸಲ. ಜಣ್.

ಮಾತು ಬರಲಿಲ್ಲ.

ಎದುರು ವಿಂಗಿನಲ್ಲಿ ನವೀನ್ ಕುಮಾರ ಪುಸ್ತಕ ಅಲ್ಲಾಡಿಸುತ್ತಿದ್ದ. ನಾಗಭೂಷಣ ಎರಡೂ ಕೈ ತಲೆಯ ಮೇಲೆ ಹೊತ್ತಿದ್ದ. ನಾನು ಅಂಗೈ ಎತ್ತಿ ತಡೆದೆ. ಜನಕ್ಕೆ ಅದು ರಾಜಾಜ್ಞೆಯಂತೆ ಕಂಡಿರಬೇಕು, ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತು. ಪರದೆ ಗಾಳಿಗೆ ಉಬ್ಬಿ ಇಳಿಯಿತು. ವಿಂಗಿನ ಕಡೆ ತಿರುಗಬಾರದು ಎಂಬುದು ಮಾವನವರು ಕಲಿಸಿದ ಮೊದಲ ಪಾಠ. ನಾನು ತಿರುಗಿದೆ. ಜನದ ಕಡೆ ಬೆನ್ನು ಹಾಕಿ, ಮುಖ ಅವಳ ಕಡೆ.

ಸ್ಟೂಲಿನ ಮೇಲೆ ಕಮಲ ಕುಳಿತಿದ್ದಳು. ಕಣ್ಣು ನನ್ನ ಮೇಲಿತ್ತು. ತುಟಿ ಅಲುಗುತ್ತಿತ್ತು. ನಾನು ತಲೆಯಾಡಿಸಿದೆ. ಬರಲಿ, ಬರುವಾಗ ಬರಲಿ, ಈ ಬಯಲು ಎಲ್ಲಿಗೂ ಓಡಿಹೋಗುವುದಿಲ್ಲ.

ಬಂತು. ‘ದೀ’ ಎಂಬ ಪಿಸುಮಾತಲ್ಲ. ದಾರಿ ಒಮ್ಮೆ ತೆರೆದದ್ದೇ, ಹಿಂದೆ ನಿಂತಿದ್ದುದೆಲ್ಲ ಒಟ್ಟಿಗೆ ಬಂತು. ತೆರೆದ ಗಂಟಲಲ್ಲಿ, ಅವರಪ್ಪನ ಹಾರ್ಮೋನಿಯಂ ಕಟ್ಟೆಯ ಶ್ರುತಿಯಲ್ಲಿ, ಕೋಟೆ ಪರದೆಯ ಮರೆಯಿಂದ:

“ದೀಪವೇ, ನನ್ನ ಕೋಟೆಯ ದೀಪವೇ! ನಾನು ಹೋದ ಮೇಲೆ ಗಾಳಿ ಬರುತ್ತದೆ, ಮಳೆ ಬರುತ್ತದೆ, ಶತ್ರು ಬರುತ್ತಾನೆ. ಯಾರಿಗೂ ಬಾಗದೆ ಉರಿ. ತಿರುಗಿ ಬರುವವನಿಗೆ ಬಾಗಿಲು ಯಾವುದೆಂದು ತೋರಿಸಲು ಒಬ್ಬರಾದರೂ ಎಚ್ಚರವಿರಬೇಕು.”

ಆ ಮಾತು ನನ್ನದು. ‘ದೀಪವೇ’ ಎಂದ ಕೂಡಲೇ ನಾನು ಹಿಡಿದು ಗುಡುಗಬೇಕಿತ್ತು. ಗುಡುಗಲಿಲ್ಲ. ಹಣತೆಯ ಮುಂದೆ ಮಂಡಿಯೂರಿ ಕೊನೆಯ ಅಕ್ಷರದವರೆಗೂ ಕೇಳಿದೆ. ತೆರೆ ಬಿತ್ತು. ಆಮೇಲೆ ಬಯಲೇ ಎದ್ದು ನಿಂತಿತು.

ಬಣ್ಣ ಒರೆಸುವಾಗ ಪಾವಗಡ ಕಡೆಯ ಒಬ್ಬ ಹಿರಿಯರು ಹುಡುಕಿಕೊಂಡು ಬಂದು ನನ್ನ ಕೈ ಹಿಡಿದರು. “ಕೋಟೇ ಮಾಟ್ಲಾಡಿಂದಿ ಸ್ವಾಮೀ! ಕೋಟೆನೇ ಮಾತಾಡ್ಬುಡ್ತು! ಯಾರು ಸ್ವಾಮಿ ಅದು?”

“ಚನ್ನಮಲ್ಲಯ್ಯನೋರ ಮಗಳು,” ಎಂದು ಬೆರಳು ತೋರಿಸಿದೆ. ಕಮಲ ಸ್ಟೂಲು ಮಡಚುತ್ತಿದ್ದಳು.

“ಏನ್ರೀ, ನಿಮ್ ಮಾತೆಲ್ಲ ನಾನೇ ನುಂಗ್ಬುಟ್ನಲ್ಲ,” ಎಂದಳು ವ್ಯಾನಿನಲ್ಲಿ.

“ನಿನ್ನವೇ ಕಣೇ,” ಎಂದೆ.

ಒಟ್ಟಿನಲ್ಲಿ ನಿನ್ನೆ ನನ್ನ ಅಭಿನಯ ಅಮೋಘವಾಗಿತ್ತು.

ಜನವರಿ 20, ಮಂಗಳವಾರ

ಬೆಳಗ್ಗೆ ಕಮಲ ಒಲೆಯ ಮುಂದೆ ನಿಂತು, “ರೀ, ಅದು… ಅದು…” ಎಂದಳು. ನಾನು ಬಾಗಿಲಲ್ಲಿ ನಿಂತು ಹಿಮ್ಮಡಿಯನ್ನು ನೆಲಕ್ಕೆ ಒಂದು ಸಲ ಒತ್ತಿದೆ. ಪಾತ್ರೆಯ ಅಂಚಿಗೆ ನೊರೆ ಏರಿತು, ದಾಟಿತು, ಕಟ್ಟೆಯ ಮೇಲೆಲ್ಲ ಹರಿದು ನೆಲಕ್ಕೆ ಇಳಿಯಿತು. ಹೋಗಿ ಗ್ಯಾಸ್ ಆರಿಸಿದೆ. ಬಾಯಿ ಬಿಡಲಿಲ್ಲ. ಇಬ್ಬರೂ ಬಿಳಿಯ ಮಡುವಿನ ನಡುವೆ ನಿಂತು ಒಬ್ಬರನ್ನೊಬ್ಬರು ನೋಡುತ್ತಿದ್ದೆವು.

“ಹಾಲು!” ಎಂದಳು. “ಹಾಲು ಉಕ್ತಾ ಐತೆ ಕಣ್ರೀ!”

“ಭಲೇ!” ಎಂದೆ, ಮೆಲ್ಲಗೆ.